ಒಂದು ತಿಂಗಳ ದಾಸ್ತಾನು

ಟೈಪಮ್ಮನಿಗೆ ಜ್ವರ ಬಂದಿದ್ದು ತಪ್ಪಲ್ಲ, ಜ್ವರದಲ್ಲಿ ಬಾಯಿ ಬಿಟ್ಟಿದ್ದು ತಪ್ಪು. ಅವತ್ತು ನಾಲಿಗೆ ಬಿಗಿಹಿಡಿದಿದ್ದರೆ ಮನೆಯಲ್ಲಿ ಮುಂದೆ ನಡೆದ ರಾದ್ಧಾಂತ ಯಾವುದೂ ನಡೆಯುತ್ತಿರಲಿಲ್ಲ.

ಟೈಪಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತಲೆ ನರೆಯುವ ತನಕ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳನ್ನು ಬೀದಿಯವರು ಹಾಗೆ ಕರೆದು ಕರೆದು ಅದೇ ಖಾಯಂ ಆಗಿತ್ತು. ಅಷ್ಟು ವರ್ಷ ಬೇರೆಯವರ ಮಾತನ್ನು ಒಂದು ಚುಕ್ಕೆ ತಪ್ಪದಂತೆ ಟೈಪು ಮಾಡಿದ ಮೇಲೆ, ನಿವೃತ್ತಿಯಾದ ಮರುತಿಂಗಳೇ ಅವಳು ತನ್ನ ಮಾತು ಟೈಪು ಮಾಡಲು ಕೂತಳು. ಬರೆದದ್ದು ಧಾರಾವಾಹಿ. ಈಗ ನಡೆಯುತ್ತಿದ್ದದ್ದು ಎರಡನೆಯದು: ರೈಲು ನಿಲ್ದಾಣದ ಎದುರಿನ ಒಂದು ಲಾಡ್ಜು, ಅದನ್ನು ನಡೆಸುವ ಗಟ್ಟಿಗಿತ್ತಿ ಹೆಂಗಸು, ಅಲ್ಲಿ ನಡೆಯುವ ಒಂದು ಕೊಲೆ. ಫೋನಿನ ಆ್ಯಪ್ ಒಂದರಲ್ಲಿ ದಿನವೂ ಸಂಜೆ ಆರಕ್ಕೆ ಒಂದು ಕಂತು. ಓದಬೇಕಾದವರು ತಿಂಗಳ ಚಂದಾ ಮೊದಲೇ ಕಟ್ಟಬೇಕು. ಜನ ಕಟ್ಟುತ್ತಿದ್ದರು, ಒಂದು ದಿನ ತಡವಾದರೆ ಬೈಯುತ್ತಲೂ ಇದ್ದರು.

ಆ ಬೈಗುಳದ ರುಚಿ ಅವಳು ಒಮ್ಮೆ ನೋಡಿದ್ದಳು. ಇದಕ್ಕೆ ಮುಂಚಿನ ಧಾರಾವಾಹಿ ಚೆನ್ನಾಗಿ ಓಡುತ್ತಿದ್ದಾಗ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆ, ಮನೆ, ಗಂಜಿ, ಬೆಡ್‌ಪ್ಯಾನು ಅಂತ ಎರಡು ವಾರ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ವಾಪಸ್ಸು ಬಂದು ನೋಡಿದರೆ ಓದುಗರು ಗುಂಪುಗುಂಪಾಗಿ ಎದ್ದು ಹೋಗಿದ್ದರು. ‘ಅರ್ಧಕ್ಕೆ ಕೈಬಿಡುವವರು ಯಾಕೆ ಶುರು ಮಾಡಬೇಕು?’ ಎಂದು ಒಬ್ಬರು ಬರೆದಿದ್ದರು. ಆ ಮಾತು ಟೈಪಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆ ಧಾರಾವಾಹಿ ಮತ್ತೆ ಮೇಲೇಳಲೇ ಇಲ್ಲ.

ಲಾಡ್ಜಿನ ಕಥೆ ಹಾಕುವ ಮುಂಚೆ ಅವಳು ಹಲ್ಲು ಕಚ್ಚಿ ಎರಡು ತಿಂಗಳು ಸುಮ್ಮನೆ ಬರೆದಳು. ಭಾನುವಾರ ಮಧ್ಯಾಹ್ನ ಕೂತು ಇಡೀ ವಾರ ಕಥೆಯಲ್ಲಿ ಏನೇನು ಆಗಬೇಕು ಎಂದು ತೀರ್ಮಾನಿಸುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಹಿಂದಿನ ಕೋಣೆಯಲ್ಲಿ ಬರವಣಿಗೆ, ಮಧ್ಯಾಹ್ನ ತಿದ್ದುವುದು. ಒಂದು ತಿಂಗಳಿಗೆ ಸಾಲುವಷ್ಟು ಕಂತು ಕೈಯಲ್ಲಿ ಇಟ್ಟುಕೊಂಡೇ ಮೊದಲ ಕಂತು ಹೊರಗೆ ಬಿಟ್ಟಳು. ದಿನವೂ ಒಂದು ಖರ್ಚಾದರೆ ಒಂದು ಹೊಸದು ಸೇರುತ್ತಿತ್ತು. ತಾರೀಖು, ಸಮಯ ಒತ್ತಿಟ್ಟರೆ ಕಂತು ತಾನಾಗಿ ಹೋಗುತ್ತಿತ್ತು. ಆ ತಿಂಗಳ ಕಂತು ಕಾಯಿಲೆಗೆ, ಆಸ್ಪತ್ರೆಗೆ, ಸಾವಿಗೆ ಅಂತ ಎತ್ತಿಟ್ಟದ್ದು. ಮನೆಯಲ್ಲಿ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಜ್ವರ ಬಂದು ನಾಲ್ಕು ದಿನ ಮಲಗಿದಾಗ ಎದುರುಮನೆಯ ದರ್ಜಿಯಕ್ಕ ನೋಡಲು ಬಂದಳು. ಅವಳೂ ಧಾರಾವಾಹಿ ಓದುವವಳೇ.

“ಅಲ್ಲ ಕಣೇ, ಮೈ ಸುಡ್ತಾ ಇದೆ, ಆದ್ರೂ ನಿನ್ನೆ ಆರಕ್ಕೆ ಸರಿಯಾಗಿ ಬಂತಲ್ಲ! ಮಲಗಿಕೊಂಡೇ ಬರೀತೀಯಾ?”

“ಮಲಗಿ ಯಾಕೆ ಬರೀಲಿ? ಇನ್ನೂ ಒಂದು ತಿಂಗಳಿಗೆ ಆಗೋವಷ್ಟು ರೆಡಿ ಇದೆ,” ಎಂದು ಟೈಪಮ್ಮ ಕಂಬಳಿಯೊಳಗಿಂದಲೇ ಜಂಬ ಕೊಚ್ಚಿದಳು.

ಬಾಗಿಲ ಬಳಿ ಔಷಧಿ ಹಿಡಿದು ನಿಂತಿದ್ದ ಗಂಡನ ಕಿವಿ ನೆಟ್ಟಗಾಯಿತು. ಅವರು ಒಂದು ದೊಡ್ಡ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ನಟ್ಟು, ಬೋಲ್ಟು, ಬೇರಿಂಗು ಕಾಯುತ್ತ ಆಯುಷ್ಯ ಕಳೆದವರು. ಹೆಂಡತಿ ಹಿಂದಿನ ಕೋಣೆಯಲ್ಲಿ ಟಕಟಕ ಅನ್ನಿಸುವುದನ್ನು ಅವರು ಇಷ್ಟು ದಿನ ಮಳೆ ಸದ್ದಿನ ಹಾಗೆ ಕೇಳಿಸಿಕೊಂಡಿದ್ದರು. ಈಗ ಮೊದಲ ಸಲ ಅವರಿಗೆ ಅದು ಅರ್ಥವಾಯಿತು, ಅದೂ ಅವರದೇ ರೀತಿಯಲ್ಲಿ.

“ಸ್ಟಾಕ್ ಇದೆಯಾ?” ಎಂದು ಕೇಳಿದರು, ಗೌರವದಿಂದ.

ಜ್ವರ ಬಿಟ್ಟ ವಾರದಲ್ಲಿ ಆ ಮಾತು ಊಟದ ಮೇಜಿಗೆ ಬಂತು. ಮಗಳು ಮೂರು ವರ್ಷದಿಂದ ತವರಲ್ಲೇ ಇದ್ದಳು. ಅವಳ ಗಂಡ ದೂರದೂರಕ್ಕೆ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಮಗ ಗುಂಡನಿಗೆ ಒಂದೂವರೆ ವರ್ಷ, ಹಗಲಲ್ಲಿ ಪಕ್ಕದ ಬೀದಿಯ ಆಯಾ ನೋಡಿಕೊಳ್ಳುತ್ತಿದ್ದಳು. ಆ ಆಯಾ ಊರು ಬಿಟ್ಟು ಹೋಗುತ್ತಿದ್ದಾಳೆ ಎಂದು ಮಗಳು ಅನ್ನ ಕಲಸುತ್ತ ಹೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ಈಗಷ್ಟೇ ಕೌಂಟರ್ ನನ್ನ ಕೈಗೆ ಕೊಟ್ಟಿದ್ದಾರೆ ಅಮ್ಮ. ಈಗ ರಜೆ ಅಂದ್ರೆ ಕಳಿಸೇಬಿಡ್ತಾರೆ.”

“ಅಳೋದ್ಯಾಕೆ?” ಎಂದು ಸ್ಟೋರ್‌ಕೀಪರು ಸಾರು ಬಡಿಸಿಕೊಂಡರು. “ನಿಮ್ಮಮ್ಮನ ಹತ್ರ ಒಂದು ತಿಂಗಳ ಸ್ಟಾಕ್ ಇದೆ. ಅಂದ್ರೆ ಒಂದು ತಿಂಗಳು ಅವಳು ಫ್ರೀ. ಅಷ್ಟರಲ್ಲಿ ಶಿಶುವಿಹಾರದಲ್ಲಿ ಒಂದು ಸೀಟು ನೋಡಿದ್ರಾಯ್ತು.”

ಟೈಪಮ್ಮನ ತುತ್ತು ಕೈಯಲ್ಲೇ ಉಳಿಯಿತು. “ರೀ, ಅದು ಖರ್ಚು ಮಾಡೋಕೆ ಇಟ್ಟಿರೋದಲ್ಲ.”

“ಖರ್ಚು ಮಾಡದೆ ಇರೋ ಸ್ಟಾಕು ತುಕ್ಕು ಹಿಡಿಯುತ್ತೆ.”

“ಅಮ್ಮಾ, ಒಂದೇ ಒಂದು ತಿಂಗಳು,” ಎಂದಳು ಮಗಳು.

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಬ್ರೆಡ್ಡನ್ನು ಹಾಲಲ್ಲಿ ಅದ್ದುತ್ತಿದ್ದ ಅತ್ತೆ ಮಾತ್ರ ಸೊಸೆಯ ಮುಖ ನೋಡಿದರು. ಎಂಬತ್ತು ದಾಟಿದ ಹೆಂಗಸು, ಸೊಂಟ ಮುರಿದರೂ ನಾಲಿಗೆ ಮುರಿದಿರಲಿಲ್ಲ. ಆದರೆ ಅವತ್ತು ಅವರೂ ಬ್ರೆಡ್ಡು ಅದ್ದುವುದಕ್ಕೇ ವಾಪಸ್ಸಾದರು. ಟೈಪಮ್ಮ ಮಗಳ ಕಣ್ಣೀರು ನೋಡಲಾರದೆ ಹೂಂ ಅಂದಳು.

ಗುಂಡ ಒಳ್ಳೆಯ ಮಗುವೇ. ತೊಂದರೆ ಏನೆಂದರೆ ಎಚ್ಚರವಿದ್ದಷ್ಟು ಹೊತ್ತೂ ಓಡುತ್ತಿದ್ದ. ಬಕೆಟ್ಟಿಗೆ ಕೈ ಹಾಕಿದ, ಮುತ್ತಜ್ಜಿಯ ಮಾತ್ರೆ ಡಬ್ಬಿ ಅಲ್ಲಾಡಿಸಿದ, ಸ್ಟೌವಿನ ನಾಬು ತಿರುಗಿಸಿದ. ಒಂಬತ್ತರಿಂದ ಹನ್ನೆರಡು ಅನ್ನುವ ಹೊತ್ತು ಮನೆಯಲ್ಲಿ ಇಲ್ಲವೇ ಇಲ್ಲ ಅನ್ನುವಂತಾಯಿತು. ಮಗು ಮಲಗಿದಾಗ ಬರೆಯೋಣ ಅಂದುಕೊಂಡರೆ ಆಗ ಬಟ್ಟೆ, ಪಾತ್ರೆ, ಅತ್ತೆಯ ಸ್ನಾನ ಸಾಲಾಗಿ ನಿಂತಿರುತ್ತಿದ್ದವು. ಸ್ಟೋರ್‌ಕೀಪರು ಮಾತ್ರ ಎಂದಿನಂತೆ ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬಸ್ ನಿಲ್ದಾಣದ ಟೀ ಅಂಗಡಿಗೆ ಹೋಗಿ, ಹಳೆಯ ಸಹೋದ್ಯೋಗಿಗಳ ಜೊತೆ ಸರ್ಕಾರ ನಡೆಸಿ ಊಟದ ಹೊತ್ತಿಗೆ ಬರುತ್ತಿದ್ದರು.

ಒಂದು ದಿನ ತಡೆಯಲಾರದೆ ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮರುದಿನದ ಕಂತು ತಿದ್ದಲು ಕೂತಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದು ಅವನನ್ನು ಕುರ್ಚಿಯಲ್ಲೇ ಬಿಟ್ಟು ಓಡಿಹೋಗಿ ಬರುವಷ್ಟರಲ್ಲಿ ಗುಂಡ ಎರಡೂ ಕೈಯಲ್ಲಿ ಕೀಲಿಮಣೆಯನ್ನು ಬಡಿದಿದ್ದ. ಅವಳು ನೋಡಲಿಲ್ಲ. ಹಾಗೇ ಉಳಿಸಿ ಮುಚ್ಚಿಬಿಟ್ಟಳು. ಮರುದಿನ ಸಂಜೆ ಲಾಡ್ಜಿನ ಹೆಂಗಸು ಹೆಣದ ಪಕ್ಕ ಕೂತು ಗಂಭೀರವಾಗಿ ಯೋಚಿಸುವ ಕಡೆ ‘ಗಗಗಕ ೭೭೭೭ ಮೂಊಊ’ ಎಂದು ಅಚ್ಚಾಗಿ ಹೋಯಿತು.

ಓದುಗರು ಮುಗಿಬಿದ್ದರು. ಇದು ಗುಪ್ತ ಸಂಕೇತ ಎಂದು ಒಬ್ಬರು. ಏಳು ಅಂದರೆ ರೂಮು ನಂಬರು, ನಾಲ್ಕು ಸಲ ಬಂದಿದೆ, ಹಾಗಾಗಿ ನಾಲ್ಕು ಜನ ಸೇರಿ ಕೊಂದಿದ್ದಾರೆ ಎಂದು ಇನ್ನೊಬ್ಬರು ಪುಟಗಟ್ಟಲೆ ವಿವರಿಸಿದರು. ‘ಕೊಲೆಗಾರನ ಹೆಸರು ಇಷ್ಟು ಬೇಗ ಹೇಳಬಾರದಿತ್ತು’ ಎಂದು ಮತ್ತೊಬ್ಬರು ಬೇಸರಪಟ್ಟುಕೊಂಡರು. ಟೈಪಮ್ಮ ಅದನ್ನು ಅತ್ತೆಗೆ ಓದಿ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಅವಳಿಗೆ ಅಳು ಬಂತು. ಇಡೀ ಉದ್ಯೋಗದಲ್ಲಿ ಅವಳ ಕೈಯಿಂದ ಇಂಥ ಒಂದು ಕಾಗದ ಹೊರಗೆ ಹೋಗಿರಲಿಲ್ಲ. ಬೇರೆಯವರ ಕೆಲಸಕ್ಕೆ ಅಷ್ಟು ಕಣ್ಣಲ್ಲಿ ಕಣ್ಣಿಟ್ಟವಳು ತನ್ನ ಕೆಲಸವನ್ನು ಹೀಗೆ ಮಾಡುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು.

“ಅಳೋ ಬದಲು ಅವನಿಗೆ ಹೇಳು,” ಎಂದರು ಅತ್ತೆ. “ನನ್ನ ಮಗ ಇದ್ದಾನಲ್ಲ, ಮನೇಲಿ ಎರಡು ಕಾಲೂ ಗಟ್ಟಿ ಇರೋ ಆಳು.”

ಅವತ್ತು ಆಲೂಗಡ್ಡೆ ಸುಲಿಯುತ್ತ ಹೇಳಿಯೇಬಿಟ್ಟಳು. “ರೀ, ಬೆಳಿಗ್ಗೆ ಮೂರು ಗಂಟೆ ಗುಂಡನ್ನ ನೀವು ನೋಡ್ಕೊಳ್ಳಿ.”

ಸ್ಟೋರ್‌ಕೀಪರು ಕನ್ನಡಕ ತೆಗೆದು ನೋಡಿದರು. “ನಾನಾ? ನನಗೆ ಎಲ್ಲಿ ಬರುತ್ತೆ ಅದೆಲ್ಲ?”

“ನನಗೂ ಹೊಟ್ಟೇಲಿದ್ದಾಗ ಬರ್ತಿರಲಿಲ್ಲ. ಕಲಿತೆ.”

“ಹಾಗಲ್ಲ ಕಣೇ. ಇನ್ನೂ ಅರ್ಧ ಸ್ಟಾಕ್ ಇದೆ ತಾನೇ?”

“ಅರ್ಧ ಖಾಲಿ ಆಗಿದೆ ಅನ್ನಿ. ನೀವು ಸ್ಟೋರಲ್ಲಿ ಅರ್ಧ ಖಾಲಿ ಆದಾಗ ಏನ್ ಮಾಡ್ತಿದ್ರಿ?”

“ಆರ್ಡರ್ ಹಾಕ್ತಿದ್ವಿ.”

“ಯಾರು ಮಾಡಿ ಕಳಿಸ್ತಿದ್ರು? ಅವರ ಮಷೀನನ್ನೇ ನೀವು ಎತ್ಕೊಂಡು ಬಂದಿದ್ರೆ?”

ಕನ್ನಡಕ ಒರೆಸುತ್ತ ಸ್ಟೋರ್‌ಕೀಪರು ಉಪಾಯ ಹೇಳಿದರು. “ಹೋಗ್ಲಿ, ಯಾಕಿಷ್ಟು ಎಳೀತೀಯಾ? ಆ ಕೊಲೆಗಾರನ್ನ ಹಿಡಿದುಬಿಡು. ನಾಲ್ಕು ಕಂತಲ್ಲಿ ಮುಗಿಯುತ್ತೆ. ಎಲ್ಲರಿಗೂ ನೆಮ್ಮದಿ.”

ಅದೇ ಹೊತ್ತಿಗೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ಮಗಳು ನಕ್ಕಳು. “ಹೌದಮ್ಮ, ಹವ್ಯಾಸ ಅಂದ್ಮೇಲೆ ಇಷ್ಟೊಂದು ಟೆನ್ಷನ್ ಯಾಕೆ? ಹೊತ್ತು ಹೋಗಲಿ ಅಂತ ಬರೀತೀನಿ ಅಂತ ನೀನೇ ಹೇಳಿದ್ದು.”

ಸುಲಿಯುವ ಚಾಕು ನಿಂತಿತು. “ಹೇಳಿದ್ದೆ. ಕೆಲಸ ಅಂದಿದ್ರೆ ನೀವು ಕೂರೋಕೆ ಬಿಡ್ತಿರಲಿಲ್ಲ, ಅದಕ್ಕೆ ಹೇಳಿದ್ದೆ.”

ಗುಂಡ ಒಂದು ಆಲೂಗಡ್ಡೆ ಎತ್ತಿಕೊಂಡು ಓಡಿಹೋದ, ಎಲ್ಲರಿಗೂ ಅವನ ಹಿಂದೆ ಹೋಗುವ ನೆಪ ಸಿಕ್ಕಿತು.

ಇಷ್ಟಾದರೂ ಅವಳು ಒಂದು ತಿಂಗಳ ಮಾತಿಗೆ ಕಟ್ಟುಬಿದ್ದು ನಡೆದಳು. ಶಿಶುವಿಹಾರದಲ್ಲಿ ಸೀಟು ಸಿಕ್ಕರೆ ಎಲ್ಲ ಸರಿಹೋಗುತ್ತದೆ, ಆಮೇಲೆ ದಿನಕ್ಕೆರಡು ಬರೆದು ಮತ್ತೆ ತುಂಬಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು. ದಿನವೂ ಆರು ಗಂಟೆಗೆ ಫೋನು ಟಿಣ್ ಅಂದಾಗ ಮಾತ್ರ ಉಳಿದ ಕಂತುಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಹೊರಗೆ ಹೋಗುತ್ತಲೇ ಇತ್ತು, ಒಳಗೆ ಒಂದೂ ಬರುತ್ತಿರಲಿಲ್ಲ. ಲಾಡ್ಜಿನ ಹೆಂಗಸು ಮುಂದೆ ಏನು ಮಾಡುತ್ತಾಳೆ ಅನ್ನುವುದೇ ಒಂದೊಂದು ದಿನ ಅವಳಿಗೆ ಮರೆತುಹೋಗುತ್ತಿತ್ತು. ಅದಕ್ಕೆ ಅವಳು ಹೆದರಿದಳು. ಕಂತು ಮುಗಿದರೆ ಮತ್ತೆ ಬರೆಯಬಹುದು, ಮನಸ್ಸಲ್ಲೇ ಮುಗಿದುಹೋದರೆ ಏನು ಮಾಡುವುದು?

ತಿಂಗಳು ಮುಗಿಯುವ ವಾರ, ರಾತ್ರಿ ಊಟಕ್ಕೆ ಮೊಟ್ಟೆ ಬೇಯಿಸಿದ್ದಳು. ಬಡಿಸುತ್ತ ಕೇಳಿದಳು. “ಸೀಟಿನ ವಿಷಯ ಏನಾಯ್ತು? ಸೋಮವಾರದಿಂದ ಕಳಿಸಬಹುದಾ?”

“ಯಾವ ಸೀಟು?” ಎಂದಳು ಮಗಳು. ಆಮೇಲೆ ನೆನಪಾಗಿ, “ಓ ಅದಾ? ಅರ್ಜಿ ಹಾಕಲೇ ಇಲ್ಲ ಅಮ್ಮ. ಇಲ್ಲೇ ಎಲ್ಲ ಚೆನ್ನಾಗಿ ನಡೀತಾ ಇದೆಯಲ್ಲ. ಗುಂಡನೂ ನಿನಗೆ ಒಗ್ಗಿಬಿಟ್ಟಿದ್ದಾನೆ. ನಿನ್ನ ಕಥೆನೂ ದಿನಾ ಬರ್ತಾನೇ ಇದೆ.”

“ನಾನೇ ಬೇಡ ಅಂದೆ,” ಎಂದರು ಸ್ಟೋರ್‌ಕೀಪರು ಮೊಟ್ಟೆಗೆ ಉಪ್ಪು ಉದುರಿಸುತ್ತ. “ಸುಮ್ನೆ ಫೀಸು ಯಾಕೆ ದಂಡ?”

ಟೈಪಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ದನಿ ಏರಲಿಲ್ಲ.

“ದಿನಾ ಬರ್ತಾ ಇರೋದು ನಾನು ಜ್ವರಕ್ಕೆ ಮುಂಚೆ ಬರೆದದ್ದು. ಇನ್ನು ಮೂರು ಉಳಿದಿದೆ. ನಾಲ್ಕನೇ ದಿನ ಏನೂ ಬರಲ್ಲ. ಅವತ್ತು ಜನ ನನ್ನ ಕೇಳ್ತಾರೆ, ನಿಮ್ಮನ್ನಲ್ಲ.”

“ಒಂದೆರಡು ದಿನ ತಪ್ಪಿದ್ರೆ ಏನ್ ಮುಳುಗಿಹೋಗುತ್ತೆ?”

“ನಿಮ್ಮ ಟೀ ಅಂಗಡಿ ಒಂದೆರಡು ದಿನ ತಪ್ಪಿದ್ರೆ ಏನ್ ಮುಳುಗುತ್ತೆ? ನಾಳೆಯಿಂದ ಒಂಬತ್ತರಿಂದ ಹನ್ನೆರಡು ನಾನು ಈ ಮನೇಲಿ ಇಲ್ಲ. ಹಿಂದಿನ ಕೋಣೇಲಿರ್ತೀನಿ, ಆದ್ರೆ ಮನೇಲಿ ಇಲ್ಲ.”

“ಅಮ್ಮಾ!”

“ಮಧ್ಯಾಹ್ನದ ಮೇಲೆ ಗುಂಡ ನನ್ನವನು. ಬೆಳಿಗ್ಗೆ ಯಾರವನು ಅಂತ ನೀವಿಬ್ಬರೂ ಕೂತು ತೀರ್ಮಾನ ಮಾಡ್ಕೊಳ್ಳಿ.”

ಅದು ಬರೀ ಸಿಟ್ಟಿನ ಮಾತು, ಬೆಳಗಾದರೆ ತಣ್ಣಗಾಗುತ್ತದೆ ಎಂದು ಅಪ್ಪ ಮಗಳು ಇಬ್ಬರೂ ನಂಬಿದ್ದರು. ಬೆಳಿಗ್ಗೆ ಎಂಟಕ್ಕೇ ಬಡಗಿ ಬಂದ. ಹಿಂದಿನ ಕೋಣೆಯ ಬಾಗಿಲಿಗೆ ಒಳಗಡೆ ಒಂದು ಚಿಲಕ ಬೇಕು ಎಂದು ಟೈಪಮ್ಮ ಅವನಿಗೆ ಹಿಂದಿನ ರಾತ್ರಿಯೇ ಫೋನು ಮಾಡಿದ್ದಳು.

“ಸ್ವಂತ ಮನೇಲಿ ಚಿಲಕವಾ?” ಸ್ಟೋರ್‌ಕೀಪರ ಮುಖ ಕೆಂಪಾಯಿತು. “ನಾವೇನು ಕಳ್ಳರಾ?”

ಕುರ್ಚಿಯಿಂದ ಅತ್ತೆ ಅಂದರು, “ಅಲ್ವಾ ಮತ್ತೆ? ಒಂದು ತಿಂಗಳು ಪೂರಾ ತಿಂದು ತೇಗಿದ್ದೀರಿ.”

“ಅಮ್ಮ, ನೀನು ಸುಮ್ನಿರು.”

“ಸುಮ್ನಿದ್ದು ಸುಮ್ನಿದ್ದೇ ನಿನ್ನ ಹೀಗೆ ಬೆಳೆಸಿದ್ದು ಕಣೋ.”

ಮಗಳು ಮುಖ ಊದಿಸಿಕೊಂಡು, ಗುಂಡನ ಬಾಟಲಿ, ಬಟ್ಟೆ ಎಂದಿನ ಜಾಗದಲ್ಲೇ ಇಟ್ಟು ಕೆಲಸಕ್ಕೆ ಹೊರಟಳು. ಅಮ್ಮ ಕೊನೆಗೂ ಕರಗುತ್ತಾಳೆ ಅನ್ನುವ ಧೈರ್ಯ ಅವಳ ಬೆನ್ನಲ್ಲೇ ಕಾಣುತ್ತಿತ್ತು. ಟೈಪಮ್ಮ ಅನ್ನ, ಸಾರು ಮಾಡಿಟ್ಟು, ಅತ್ತೆಗೆ ಮಾತ್ರೆ ಕೊಟ್ಟು, ಒಂಬತ್ತಕ್ಕೆ ಗುಂಡನನ್ನು ಎತ್ತಿ ಗಂಡನ ತೊಡೆಯ ಮೇಲಿದ್ದ ಪೇಪರಿನ ಮೇಲೆ ಕೂರಿಸಿದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹತ್ತು ನಿಮಿಷ ಒಂದಕ್ಷರ ಮೂಡಲಿಲ್ಲ. ಬೆರಳಿಗೆ ಕೀಲಿಗಳ ನೆನಪಿತ್ತು, ತಲೆಗೆ ಕಥೆಯ ನೆನಪಿರಲಿಲ್ಲ. ಹೊರಗೆ ಗುಂಡ “ಅಜ್ಜೀ” ಎಂದು ಶುರು ಮಾಡಿದ. ಆಮೇಲೆ ಬಾಗಿಲು ಬಡಿದ. ಪುಟ್ಟ ಕೈಯ ಹೊಡೆತ, ಬಾಗಿಲ ಕೆಳಗಿನ ಅರ್ಧದಲ್ಲಿ. ಅದು ನಿಂತ ಮೇಲೆ ದೊಡ್ಡ ಕೈಯ ಹೊಡೆತ.

“ಕೇಳಿಸ್ತಾ ಇಲ್ವೇನೇ? ಮಗು ಅಳ್ತಾ ಇದೆ!”

“ಬಾಗಿಲು ಒಡೆಯೋ ಕೈಯಲ್ಲಿ ಮಗೂನ ಎತ್ಕೋ,” ಎಂದು ಅತ್ತೆಯ ದನಿ ಬಂತು.

ಅಳು ಜೋರಾಯಿತು. ಟೈಪಮ್ಮ ಎದ್ದಳು. ಬಾಗಿಲವರೆಗೆ ಬಂದು ಚಿಲಕದ ಮೇಲೆ ಕೈಯಿಟ್ಟಳು. ಈ ಮಗುವಿನ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ, ಅದನ್ನು ಬಿಟ್ಟು ಇರುವುದು ಅವಳಿಗೆ ಸುಖವೂ ಆಗಿರಲಿಲ್ಲ. ಈಗ ತೆಗೆದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ, ತನಗೊಬ್ಬಳಿಗೆ ಬಿಟ್ಟು. ಅಷ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಳುವ ಮಗುವಿನ ಪಕ್ಕದಲ್ಲಿ ಅದರ ಸ್ವಂತ ತಾತ ನಿಂತಿದ್ದಾರೆ, ಕೈಕಾಲು ಗಟ್ಟಿಯಿರುವ ಮನುಷ್ಯ. ಅವಳು ಕೈ ತೆಗೆದು ವಾಪಸ್ಸು ಬಂದು ಕೂತಳು. ಕಣ್ಣು ಒರೆಸಿಕೊಂಡು ಲಾಡ್ಜಿನ ಹೆಂಗಸಿನ ಬಾಯಿಗೆ ಒಂದು ಮಾತು ಹಾಕಿದಳು. ಅವಳು ಆ ಮಾತನ್ನು ಪೊಲೀಸಿನವನ ಮುಖಕ್ಕೇ ಹೇಳಿದಳು. ಆಮೇಲೆ ಒಂದಾದ ಮೇಲೊಂದು ಸಾಲು ಬಂತು, ಬೆರಳು ಹಿಂದೆ ಬೀಳುವಷ್ಟು.

ಹನ್ನೆರಡಕ್ಕೆ ಬಾಗಿಲು ತೆಗೆದಾಗ ಹಜಾರದಲ್ಲಿ ಹಾಲು ಚೆಲ್ಲಿ ಒಣಗಿತ್ತು. ಪೇಪರು ಚೂರುಚೂರಾಗಿತ್ತು. ಗುಂಡ ಅಂಗಿ ತಿರುವುಮುರುವಾಗಿ ಹಾಕಿಕೊಂಡು ನೆಲದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಸ್ಟೋರ್‌ಕೀಪರ ತಲೆಗೂದಲು ಎದ್ದು ನಿಂತಿತ್ತು.

“ಜೀವ ಹಿಂಡಿಬಿಟ್ಟ! ಎರಡು ಸಲ ಒದ್ದೆ ಮಾಡಿದ. ಟೀ ಕೂಡ ಕುಡಿದಿಲ್ಲ ನಾನು. ಇದೇನು ಮನುಷ್ಯರು ಮಾಡೋ ಕೆಲಸವಾ?”

“ನಾನು ಒಂದು ತಿಂಗಳಿಂದ ಮಾಡ್ತಿದ್ದೆ,” ಎಂದು ಟೈಪಮ್ಮ ಒರೆಸುವ ಬಟ್ಟೆ ತಂದು ಅವರ ಕೈಗೇ ಕೊಟ್ಟಳು.

ಸಂಜೆ ಮಗಳು ಬಂದವಳೇ ವಿಷಯ ತಿಳಿದು ಕೂಗಾಡಿದಳು. “ಅಪ್ಪನ ಕೈಗೆ ಬಿಟ್ಯಾ? ಅವರಿಗೆ ಬಾಟಲಿ ಮುಚ್ಚಳ ತೆಗೆಯೋಕೂ ಬರಲ್ಲ! ಮಗೂಗೆ ಏನಾದ್ರೂ ಆಗಿದ್ರೆ?”

“ಅಪ್ಪನ ಕೈಗೆ ಬಿಡೋಕೆ ನಿನಗೆ ಇಷ್ಟು ಭಯ. ನನ್ನ ಕೈಗೆ ಬಿಡುವಾಗ ಒಂದು ಮಾತು ಕೇಳಬೇಕು ಅಂತಾನೂ ಅನ್ನಿಸಲಿಲ್ಲ.”

ಮಗಳು ಹಟಕ್ಕೆ ಬಿದ್ದಳು. “ಸರಿ. ಹಾಗಿದ್ರೆ ನಾಳೆಯಿಂದ ನಾನೇ ಕೆಲಸ ಬಿಡ್ತೀನಿ. ನಿನಗೆ ಸಂತೋಷನಾ?”

ಈ ಮಾತು ಟೈಪಮ್ಮ ಎಣಿಸಿರಲಿಲ್ಲ. ಮಗಳು ಆ ಕೌಂಟರಿಗಾಗಿ ಎಷ್ಟು ಒದ್ದಾಡಿದ್ದಳು ಎಂದು ಅವಳಿಗೆ ಗೊತ್ತಿತ್ತು. ಬೇಡ ಬಿಡು, ನಾನೇ ನೋಡ್ಕೋತೀನಿ ಅನ್ನುವ ಮಾತು ಗಂಟಲವರೆಗೆ ಬಂತು. ನುಂಗಿಕೊಂಡಳು.

“ನೀನು ಬಿಡಬಾರದು. ನಾನೂ ಬಿಡಲ್ಲ. ಈ ಮನೇಲಿ ಬಿಡೋಕೆ ಕೆಲಸಾನೇ ಇಲ್ಲದವರು ಒಬ್ಬರಿದ್ದಾರೆ, ಅವರನ್ನ ಕೇಳು.”

“ಅವರನ್ನ ಕೇಳಿ ಏನಮ್ಮ ಪ್ರಯೋಜನ? ಅಪ್ಪನ ಕೈಲಿ ಆಗುತ್ತಾ ಇದೆಲ್ಲ?”

ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಸ್ಟೋರ್‌ಕೀಪರು ಈ ಮಾತಿಗೆ ಚುಚ್ಚಿದಂತೆ ಎದ್ದು ಕೂತರು. “ಯಾಕೆ ಆಗಲ್ಲ? ಇಡೀ ಸರ್ವೀಸಿನಲ್ಲಿ ಒಂದು ಮೊಳೆ ಕಳೆದವನಲ್ಲ ನಾನು. ಒಂದು ಮಗು ಕಾಯೋಕೆ ಬರಲ್ವಾ? ಇವತ್ತು ಅವನಿಗೆ ಒಂದು ಗೀಚು ಬಿದ್ದಿದೆಯಾ, ನೋಡು! ಮುಚ್ಚಳನೂ ತೆಗೆದೆ. ಹತ್ತು ನಿಮಿಷ ಹಿಡೀತು, ಆದ್ರೆ ತೆಗೆದೆ.”

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವು ಎಂದು ಅವರಿಗೇ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅತ್ತೆ ಕುರ್ಚಿಯ ತೋಳು ಬಡಿದರು. “ಎಲ್ಲರೂ ಕೇಳಿದ್ದೀವಿ ಕಣೋ.”

ಮರುದಿನ ಒಂಬತ್ತಕ್ಕೆ ಸ್ಟೋರ್‌ಕೀಪರು ಗುಂಡನನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಕೋಣೆಯ ಬಾಗಿಲವರೆಗೆ ಬಂದರು. ಎರಡು ಬಾಟಲಿ ಮುಚ್ಚಳ ಸಡಿಲ ಮಾಡಿ ಮೊದಲೇ ಸಾಲಾಗಿ ಇಟ್ಟಿದ್ದರು. ಗುಂಡ ಅಜ್ಜಿಯ ಕಡೆ ಕೈ ಚಾಚಿದ. ಅವಳು ಅವನ ಕೆನ್ನೆ ಮುಟ್ಟಿ ಒಳಗೆ ಹೋದಳು.

“ಕೇಳಿಲ್ಲಿ,” ಎಂದರು ಸ್ಟೋರ್‌ಕೀಪರು, ದನಿ ತಗ್ಗಿಸಿ. “ತುಂಬಾ ಅತ್ತರೆ, ಮಧ್ಯೆ ಒಂದೇ ಒಂದು ಸಲ ಬಾಗಿಲು ತೆಗೀತೀಯಾ?”

“ತೆಗೆಯಲ್ಲ,” ಎಂದು ಟೈಪಮ್ಮ ಚಿಲಕ ಹಾಕಿಕೊಂಡಳು.